ಅಮ್ಮ ಕೇಳಿದ ಒಂದೇ ಒಂದು ದೀಪಸ್ತಂಭ

ಆ ದಿನಗಳಲ್ಲಿ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಎಂದರೆ ಟೂರು, ಟೂರು ಎಂದರೆ ದೇವಸ್ಥಾನ. ಮಹಡಿಯಲ್ಲಿ ದೊಡ್ಡಪ್ಪನ ಸಂಸಾರ, ಕೆಳಗೆ ನಾವು, ಎರಡೂ ಮನೆಗೆ ಸೇರಿ ಒಬ್ಬರು ಅಜ್ಜಿ. ಯಾವ ಊರು, ಯಾವ ದೇವರು, ಎಲ್ಲಿ ಊಟ ಎಂಬುದನ್ನೆಲ್ಲ ದೊಡ್ಡಪ್ಪನೇ ತೀರ್ಮಾನಿಸುತ್ತಿದ್ದರು. ಸುಂಕದಕಟ್ಟೆಯಿಂದ ಬಾಡಿಗೆ ಟೆಂಪೊ ಬಂದು ಗೇಟಿನ ಮುಂದೆ ನಿಂತರೆ ಡೀಸೆಲ್ ಹೊಗೆಯ ಜೊತೆಗೆ ಅಮ್ಮನ ಪುಳಿಯೋಗರೆಯ ಇಂಗಿನ ವಾಸನೆ ಬೆರೆಯುತ್ತಿತ್ತು. ನಿಮ್ಮ ಮನೆಯ ಟೂರೂ ಹೀಗೇ ಹೊರಡುತ್ತಿತ್ತೆಂದು ಬಲ್ಲೆ. ಕಿಟಕಿ ಸೀಟಿಗಾಗಿ ನೀವೂ ಜಗಳವಾಡಿರುತ್ತೀರಿ. ನಿದ್ದೆಗೆಟ್ಟು ಅಷ್ಟೊಂದು ಚಪಾತಿ ಬೇಯಿಸಿದವರು ಯಾರೆಂದು ನಮ್ಮ ಮನೆಯಲ್ಲಂತೂ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಎಲ್ಲಿಗೇ ಹೋಗಲಿ, ಬ್ಯಾಗು, ಚಪ್ಪಲಿ ಕಾಯಲು ಒಬ್ಬರು ಕೂರಬೇಕು. ಆ ಒಬ್ಬರು ಯಾವಾಗಲೂ ಚಿಕ್ಕ ಸೊಸೆ, ಅಂದರೆ ನಮ್ಮಮ್ಮ. ಎಲ್ಲರ ದರ್ಶನ ಮುಗಿದ ಮೇಲೆ ಅವಳೊಬ್ಬಳೇ ಓಡಿಹೋಗಿ, ಕೈಮುಗಿದು, ಓಡಿ ಬರುತ್ತಿದ್ದಳು. ಅವಳ ಆ ಅವಸರ ದೇವರಿಗೂ ರೂಢಿಯಾಗಿತ್ತೇನೋ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷ ಟೂರು ಕರಾವಳಿಯ ಕಡೆಗೆ ಗೊತ್ತಾಯಿತು. ಅಮ್ಮ ದಾವಣಗೆರೆ ಕಡೆಯವಳು, ಅಲ್ಲಿಯತನಕ ಸಮುದ್ರವನ್ನೇ ಕಂಡಿರಲಿಲ್ಲ. ನಾವು ಹೋಗಬೇಕಿದ್ದ ಊರಿನ ದಡದಲ್ಲಿ ಹಳೆಯ ದೀಪಸ್ತಂಭವೊಂದಿದೆ ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದಳು.

"ದೀಪಸ್ತಂಭಾನೂ ನೋಡ್ಕೊಂಡು ಬರೋಣ ಅಂತ ಭಾವನವರಿಗೆ ಹೇಳ್ರೀ. ಮೇಲಕ್ಕೆ ಹತ್ತೋಕೆ ಬಿಡ್ತಾರಂತೆ."

"ಅದ್ರಲ್ಲೇನಿದೆ ನೋಡೋಕೆ, ಒಂದು ಕಂಬ," ಎಂದ ಅಪ್ಪ.

"ಇಲ್ಲೀತನಕ ನಾನು ಏನಾದ್ರೂ ಕೇಳಿದೀನಾ?"

ಅಪ್ಪ ಎದ್ದ. ಮಹಡಿಗೆ ಹೋಗಿ ಹೇಳಿ ಬಂದ. ದೊಡ್ಡಪ್ಪ ದೊಡ್ಡ ಮನಸ್ಸು ಮಾಡಿ ಒಪ್ಪಿದರು.

ಟೆಂಪೊ ಘಾಟಿ ಇಳಿಯುವಾಗ ಅಂತ್ಯಾಕ್ಷರಿ ಸಾಕಾಗಿ ಮಕ್ಕಳೆಲ್ಲ ಗಲಾಟೆ ಶುರುವಿಟ್ಟುಕೊಂಡೆವು. ನಮ್ಮನ್ನು ಸುಮ್ಮನಾಗಿಸಲು ಅಮ್ಮ ದೀಪಸ್ತಂಭದ ಕಥೆ ತೆಗೆದಳು. ನಮ್ಮ ಕ್ರಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದವಳಿಗೆ ಕಥೆ ಹೇಳುವುದು ಹೊಸದಲ್ಲ. ಮೊದಲು ಅಲ್ಲಿ ಗೋಪುರವೇ ಇರಲಿಲ್ಲವಂತೆ. ಮೀನುಗಾರರ ಮನೆಯವರು ಬಂಡೆಯ ಮೇಲೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಿದ್ದರಂತೆ. ಮಳೆಗೆ ಬೆಂಕಿ ಆರಿಹೋದರೆ ದೋಣಿಗಳು ಅದೇ ಬಂಡೆಗೆ ಬಡಿದು ಒಡೆಯುತ್ತಿದ್ದವಂತೆ. ಆಮೇಲೆ ಬ್ರಿಟಿಷರು ಕಲ್ಲಿನ ಗೋಪುರ ಕಟ್ಟಿಸಿ, ತುದಿಯಲ್ಲಿ ಸೀಮೆಎಣ್ಣೆ ದೀಪ ಇಟ್ಟು, ಅದರ ಸುತ್ತ ಆಳೆತ್ತರದ ಗಾಜು ಕೂರಿಸಿದರು. ಆ ಗಾಜು ತಿರುಗುತ್ತಿರಬೇಕಾದರೆ ಗಡಿಯಾರಕ್ಕೆ ಕೊಟ್ಟಂತೆ ಕಾವಲುಗಾರ ಎದ್ದೆದ್ದು ಕೀ ಕೊಡಬೇಕಿತ್ತು. ಕರೆಂಟು ಬಂದ ಮೇಲೂ ಗಾಜನ್ನು ಮಾತ್ರ ಬದಲಾಯಿಸಿಲ್ಲವಂತೆ.

"ಒಳಗಿರೋದು ಒಂದು ಸಣ್ಣ ದೀಪ ಕಣೇ," ಎಂದಳು ನನಗೆ. "ಆ ಗಾಜಿನಿಂದಾಗಿ ಅಷ್ಟು ದೂರ ಕಾಣುತ್ತೆ. ಅದನ್ನ ಹತ್ತಿರದಿಂದ ನೋಡ್ಬೇಕು ನಾನು."

ದೇವಸ್ಥಾನದ ಕ್ಯೂನಲ್ಲೇ ಮಧ್ಯಾಹ್ನ ಕಳೆಯಿತು. ಬೀಚಿನಲ್ಲಿ ನಾವೆಲ್ಲ ನೀರಿಗೆ ಬಿದ್ದೆವು, ಅಮ್ಮ ಬಟ್ಟೆ ಕಾದಳು. ನಡುವೆ ಒಮ್ಮೆ ಬಂದು ಪಾದ ನೆನೆಸಿಕೊಂಡು ಹೋದಳು. ಒಣಮೀನಿನ ವಾಸನೆ, ಮಾವಿನಕಾಯಿ ಚೂರು ಹಾಕಿದ ಮಂಡಕ್ಕಿ, ಹಲ್ಲಿಗೆ ಸಿಗುವ ಮರಳು ಇವೆಲ್ಲ ನನಗೆ ಇನ್ನೂ ನೆನಪಿವೆ. ದೀಪಸ್ತಂಭದ ಕೆಳಗೆ ಸಣ್ಣ ಪಾರ್ಕು ಮಾಡಿದ್ದರು. ಕುದುರೆ ಸವಾರಿ, ದುರ್ಬೀನು ತೋರಿಸುವವನು, ಐಸ್‌ಕ್ಯಾಂಡಿ ಗಾಡಿ ಎಲ್ಲ ಇದ್ದವು. ನಾವು ಅಲ್ಲಿಗೆ ತಲುಪುವಾಗ ಬಿಸಿಲು ಹಳದಿಯಾಗಿತ್ತು.

ಅಮ್ಮ ಎಲ್ಲರಿಗಿಂತ ಮೊದಲೇ ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತಿದ್ದಳು.

"ಬ್ಯಾಗು ಮೇಲೆ ಕೊಂಡೋಗ್ಬೇಡಿ," ಎಂದ ಕಾವಲುಗಾರ. "ಸೂರ್ಯ ಮುಳುಗಿದ ಕೂಡ್ಲೇ ಬಾಗಿಲು ಹಾಕ್ತೇವೆ."

ಅಜ್ಜಿ ಹತ್ತುವವರಾಗಿರಲಿಲ್ಲ, ಆಗಲೇ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಆದರೂ ಅಂದರು: "ನಂಗೆ ಕಣ್ಣು ಸರಿ ಕಾಣಂಗಿಲ್ಲ. ಯಾರಾರ ಎತ್ಕೊಂಡು ಹೋದ್ರೆ ಏನ್ ಮಾಡ್ಲಿ? ಸಾಮಾನು ನೋಡಾಕೆ ಒಬ್ರು ಬೇಕಲ್ಲವ್ವಾ."

ದೊಡ್ಡಪ್ಪ ಅಮ್ಮನ ಕಡೆ ತಿರುಗಿದರು. "ನಾವು ಬೇಗ ಇಳಿದು ಬರ್ತೀವಿ. ಆಮೇಲೆ ನೀನು ಆರಾಮಾಗಿ ಹತ್ತಮ್ಮ."

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಸಮುದ್ರ ನೋಡುತ್ತಿದ್ದ. "ಅಮ್ಮನೇ ಮೊದಲು ಹತ್ತಲಿ," ಎಂದು ನಾನಂದೆ. ದೊಡ್ಡವರ ನಡುವೆ ಬಾಯಿ ಹಾಕಬೇಡ ಎಂದು ದೊಡ್ಡಮ್ಮ ಗದರಿದರು. ಅಮ್ಮ ವಾಪಸು ಬಂದು ಚಪ್ಪಲಿ ಮೆಟ್ಟಿಕೊಂಡು ಬ್ಯಾಗುಗಳ ಮಧ್ಯೆ ಕೂತಳು.

ಮೇಲೆ ಗಾಳಿಗೆ ಕಿವಿ ಮುಚ್ಚುತ್ತಿತ್ತು. ದೊಡ್ಡಪ್ಪ ಕ್ಯಾಮೆರಾ ಹಿಡಿದು ಒಬ್ಬೊಬ್ಬರನ್ನೇ ನಿಲ್ಲಿಸಿದರು, ಜೋಡಿಯಾಗಿ ನಿಲ್ಲಿಸಿದರು, ಗುಂಪಾಗಿ ನಿಲ್ಲಿಸಿದರು. ಕೆಳಗೆ ಅಮ್ಮನ ಹಸಿರು ಸೀರೆ ಕಾಣುತ್ತಿತ್ತು. ಅವಳು ಮುಖವೆತ್ತಿ ನಮ್ಮ ಕಡೆಯೇ ನೋಡುತ್ತಿದ್ದಳು. ನಾನು ಅಪ್ಪನ ಕೈ ಎಳೆದೆ.

"ಅಪ್ಪಾ, ಇಳಿಯೋಣ. ಅಮ್ಮ ಕಾಯ್ತಾ ಇದಾಳೆ."

"ಇರು ಪುಟ್ಟಿ, ಸೂರ್ಯ ಮುಳುಗೋದು ನೋಡ್ಬಿಡೋಣ. ಬೆಂಗಳೂರಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ?"

ಸೂರ್ಯ ಮುಳುಗುವುದನ್ನು ನೋಡಿದೆವು. ಇಳಿದು ಬಂದಾಗ ಕಾವಲುಗಾರ ಬೀಗ ಹಿಡಿದು ನಿಂತಿದ್ದ. ಅಮ್ಮ ಬಾಗಿಲಿಗೆ ಬಂದು, "ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ ಅಣ್ಣ," ಎಂದು ಕೇಳಿಕೊಂಡಳು. ಯಾರ ಹತ್ತಿರವೂ ಅವಳು ಹಾಗೆ ಬೇಡಿದ್ದನ್ನು ನಾನು ನೋಡಿರಲಿಲ್ಲ.

"ಆಗುದಿಲ್ಲಮ್ಮ. ನಾಳೆ ಬನ್ನಿ."

ನಾಳೆಗೆ ಬೇರೆ ದೇವಸ್ಥಾನ ಗೊತ್ತಾಗಿತ್ತು. "ಮೇಲೆ ಏನಿಲ್ಲ ಬಿಡಮ್ಮ, ಬರೀ ಗಾಳಿ," ಎಂದರು ದೊಡ್ಡಪ್ಪ. ಆ ಬರೀ ಗಾಳಿಗೆ ಅವರು ಒಂದಿಡೀ ರೀಲು ಖರ್ಚು ಮಾಡಿದ್ದರು. ಆ ಮಾತು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಟೆಂಪೊ ಹೊರಟ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು, "ಆ ಗಾಜು ಹೇಗಿತ್ತು?"

ಹತ್ತಿದವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಅದರ ಕೋಣೆಯ ಬಾಗಿಲಿಗೆ ಒರಗಿಕೊಂಡೇ ಎಲ್ಲರೂ ಫೋಟೊ ತೆಗೆಸಿಕೊಂಡಿದ್ದೆವು. "ದೊಡ್ಡದಾಗಿತ್ತು," ಎಂದ ಅಪ್ಪ. ಅಮ್ಮ ಮತ್ತೇನೂ ಕೇಳದೆ ಎಲ್ಲರ ಕೈಗೆ ಚಪಾತಿ ಕೊಡಲು ಶುರುಮಾಡಿದಳು.

ಆ ಗುಂಪಿನ ಫೋಟೊ ದೊಡ್ಡಪ್ಪನ ಹಾಲಿನಲ್ಲಿ ಈಗಲೂ ಇದೆ. "ಇಡೀ ಮನೆಯವರು ಹತ್ತಿದ್ವಿ," ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಅಜ್ಜಿ ಹೋದರು, ಅಪ್ಪನೂ ಹೋದ. ಟೂರುಗಳು ನಿಂತುಹೋದವು. ಆ ಕಾಲವೇ ಚೆನ್ನಾಗಿತ್ತು, ಎಲ್ಲರೂ ಒಟ್ಟಿಗಿದ್ದೆವು ಎಂದು ಅಣ್ಣ ತಮ್ಮಂದಿರು ಫ್ಯಾಮಿಲಿ ಗ್ರೂಪಿನಲ್ಲಿ ನಿಟ್ಟುಸಿರು ಬಿಡುತ್ತಾರೆ. ನಾನು ಅದಕ್ಕೆ ಹೆಬ್ಬೆರಳನ್ನೂ ಒತ್ತುವುದಿಲ್ಲ.

ಈಗ ಅಲ್ಲಿ ಗೋಪುರದ ಪಕ್ಕದಲ್ಲೇ ರೆಸಾರ್ಟು ಎದ್ದಿದೆ, ಸಂಜೆಗೆ ಬಣ್ಣದ ಲೈಟು ಬಿಡುತ್ತಾರಂತೆ. ಹೋದ ಚಳಿಗಾಲದಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, "ನಾವಿಬ್ಬರೇ ಹೋಗಿ ಬರೋಣ, ನಾನೇ ಕಾರು ಓಡಿಸ್ತೀನಿ," ಎಂದೆ.

"ಬೇಡ ಕಣೇ."

"ಯಾಕಮ್ಮ, ಮಂಡಿ ನೋವಾ?"

"ಮಂಡಿಗೇನಾಗಿದೆ, ದಿನಾ ಬಟ್ಟೆ ಒಣಗಿಸೋಕೆ ಟೆರೇಸ್ ಹತ್ತಲ್ವಾ? ನೋಡ್ಬೇಕು ಅನ್ನೋದೇ ಹೋಗಿದೆ." ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದು ಹಿಡಿ ಕಾಯಿ ಎಳೆದುಕೊಂಡು ತಾನಾಗಿಯೇ ಹೇಳಿದಳು: "ಅವತ್ತು ನಿಮ್ಮಪ್ಪ 'ನಾನು ಕೂತಿರ್ತೀನಿ, ನೀನು ಹೋಗು' ಅಂದಿದ್ರೆ ಸಾಕಿತ್ತು. ಹತ್ತದೇ ಇದ್ರೂ ನಡೀತಿತ್ತು."

ಹಾಗೆ ಹೇಳಬೇಕಿದ್ದವನು ಈಗ ಇಲ್ಲ. ನಾನು ಮತ್ತೆ ಆ ಊರಿನ ಮಾತು ಎತ್ತಿಲ್ಲ.