ಎರಡನೇ ಏಟು

ಚಿನ್ನಿ, ಪುಟ್ಟು, ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿ ಯಾಕೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನೀವಿಬ್ಬರೂ ಕೇಳಿದ್ದಿರಿ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಹೊಟ್ಟೆ ಸರಿಯಾಗಿಯೇ ಇತ್ತು. ನಿಮ್ಮ ಅಮ್ಮ ನಾಲ್ಕು ವರ್ಷ ಕಷ್ಟಪಟ್ಟು ಮಾಡಿದ್ದನ್ನು ನಾನು ಐದು ನಿಮಿಷದ ಮಾತಿನಲ್ಲಿ ಹಾಳು ಮಾಡಿಬಿಟ್ಟೆನೇನೋ ಎಂಬ ಭಯದಲ್ಲಿ ಊಟ ಸೇರುತ್ತಿರಲಿಲ್ಲ. ಅದನ್ನು ನಿಮ್ಮೆದುರು ಬಾಯಿಬಿಟ್ಟು ಹೇಳಲು ನನಗೆ ಬಾರದು. ಕುಂಸಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಹೇಳದೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗ ಮಾಡುತ್ತಿರುವುದೂ ಅದನ್ನೇ.

ಮೊದಲು ನಿಮ್ಮ ಅಜ್ಜನ ವಿಷಯ. ನೀವು ಅವರನ್ನು ನೋಡಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಕೋಟು ಹಾಕಿದ್ದಾರಲ್ಲ, ಅದು ಸ್ಟುಡಿಯೋದವರ ಕೋಟು. ಅವರ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ, ಇಲ್ಲಿಯೂ ಬರೆಯುವುದಿಲ್ಲ. ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ದ ಕಬ್ಬಿಣವನ್ನು ತಟ್ಟಿ ನೋಡುವ ಕೆಲಸ ಅವರದು. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಗಂಟೆಯ ಹಾಗೆ ನಾದ ಎಳೆಯುತ್ತದೆ. ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ ಸದ್ದು ಮಾಡಿ ಸುಮ್ಮನಾಗುತ್ತದೆ. ಶಿವಮೊಗ್ಗಕ್ಕೆ ಬಂದಾಗ ಗಾಂಧಿ ಬಜಾರಿನಲ್ಲಿ ತೆಂಗಿನಕಾಯಿ ಕೊಳ್ಳಲು ನಿಂತರೂ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. "ಏನ್ ಸ್ವಾಮಿ, ಕಾಯಿ ತಗೋತೀರೋ, ಮೃದಂಗದ ಕಛೇರಿ ಮಾಡ್ತೀರೋ?" ಎಂದು ಅಂಗಡಿಯವನು ಕೇಳುತ್ತಿದ್ದ.

ಆಯುಧಪೂಜೆಯ ದಿನ ಮನೆಯವರನ್ನು ಫೌಂಡ್ರಿಯೊಳಗೆ ಬಿಡುತ್ತಿದ್ದರು. ಒಂದು ವರ್ಷ ನಾನು ಹೋದಾಗ ನಿಮ್ಮ ಅಮ್ಮ ನನ್ನ ಸೊಂಟದ ಮೇಲಿದ್ದಳು. ಪೂಜೆಗೆ ಮುಂಚೆ ಅವಳಿಗೆ ತೋರಿಸಲೆಂದು ಅಜ್ಜ ಒಂದು ಕಬ್ಬಿಣದ ಚಕ್ರವನ್ನು ತಟ್ಟಿ, ಕಿವಿಗೊಟ್ಟು, ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಿದರು. ನಾಲ್ಕು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದು, ಅದೇ ಚಕ್ರದ ಇನ್ನೊಂದು ಕಡೆಗೆ ಮತ್ತೆ ತಟ್ಟಿದರು.

"ಸರಿ ಅಂತ ಹಾಕಾಯ್ತಲ್ಲ, ಮತ್ತೆ ಯಾಕೆ?" ಎಂದೆ.

"ಮೊದಲನೇ ಏಟು ಕಬ್ಬಿಣಕ್ಕೆ. ಎರಡನೇದು ನನಗೆ."

"ಹಂಗಂದ್ರೆ?"

"ನಾನು ಹೇಳಿದ್ದು ತಪ್ಪಾಗಿದ್ರೆ ಎಲ್ಲಿ ತಪ್ಪಾಗಿರತ್ತೋ, ಅಲ್ಲಿ ಹೊಡೀಬೇಕು. ಅಲ್ಲಿ ಹೊಡೆಯೋಕೆ ಮನಸ್ಸು ಬರಲ್ಲ ನೋಡು, ಅಲ್ಲೇ."

"ಅದು ಇಂಥ ಜಾಗ ಅಂತ ಹೆಂಗೆ ಗೊತ್ತಾಗತ್ತೆ?"

"ಕೈಗೆ ಗೊತ್ತಾಗತ್ತೆ ಮಾರಾಯ್ತಿ. ಹೇಳಕ್ಕೆ ಬರಲ್ಲ."

ಈ ಮಾತನ್ನು ಅವರು ಮನೆಯಲ್ಲಿಯೂ ಎಷ್ಟೋ ಸಲ ಹೇಳಿದ್ದಾರೆ. ನಿಮ್ಮ ಅಮ್ಮ ಅದನ್ನು ಕೇಳಿಯೇ ಬೆಳೆದಳು.

ಅವಳು ದೊಡ್ಡವಳಾಗಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದು ಆ ಯಂತ್ರ ಮಾಡಿದ್ದು ನಿಮಗೆ ಗೊತ್ತು. ಯಂತ್ರದ ತೋಳು ಕಬ್ಬಿಣವನ್ನು ತಟ್ಟುತ್ತದೆ, ಮೈಕು ಕೇಳಿಸಿಕೊಳ್ಳುತ್ತದೆ, ಒಳಗಿನ ಎಐ ಗಟ್ಟಿಯೋ ಬಿರುಕೋ ಎಂದು ಹೇಳುತ್ತದೆ. ಅಷ್ಟು ಮಾಡುವ ಯಂತ್ರಗಳು ಬೇರೆ ಕಡೆಯೂ ಇವೆಯಂತೆ. ಇವಳದು ಅಲ್ಲಿಗೆ ನಿಲ್ಲುವುದಿಲ್ಲ. ತಾನು ಕೊಟ್ಟ ಉತ್ತರದಲ್ಲಿ ತಾನೇ ತಪ್ಪು ಹುಡುಕುತ್ತದೆ. ಈ ಉತ್ತರ ಸುಳ್ಳಾಗಿದ್ದರೆ ಎಲ್ಲಿ ಸುಳ್ಳಾಗಬಹುದು ಎಂದು ನೋಡಿ, ಆ ಜಾಗಕ್ಕೆ ತೋಳನ್ನು ಕಳಿಸಿ ಮತ್ತೆ ತಟ್ಟಿಸುತ್ತದೆ. ಶೆಡ್ಡಿನಲ್ಲಿ ಮೊದಲ ಸಲ ಆ ಎರಡನೇ ತಟ್ಟು ಕೇಳಿದಾಗ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. "ಹೊಗೆ ಜಾಸ್ತಿ ಅಲ್ವಾಮ್ಮ ಇಲ್ಲಿ," ಎಂದಳು ಅವಳು. ಹೊಗೆ ಇರಲಿಲ್ಲ.

ಇನ್ನು ನನ್ನ ತಪ್ಪು. ಯಂತ್ರಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕುವುದಕ್ಕೆ ಮೂರು ತಿಂಗಳು ಮೊದಲು, ನಮ್ಮ ಬಡಾವಣೆಯ ಮಹಿಳಾ ಮಂಡಳಿಯವರು ಮಹಿಳಾ ದಿನಾಚರಣೆ ಮಾಡಿದರು. ಹಿರಿಯರು ಒಬ್ಬೊಬ್ಬರೂ ಐದು ನಿಮಿಷ ಮಾತಾಡಬೇಕೆಂದು ಕಾರ್ಯದರ್ಶಿ ಹಟ ಹಿಡಿದರು. ನಿಮ್ಮ ಅಮ್ಮ ಆಗ ಕೆಲಸದ ಮೇಲೆ ಕೊಯಮತ್ತೂರಿಗೆ ಹೋಗಿದ್ದಳು. ನನಗೆ ಇನ್ನೇನು ಗೊತ್ತಿದೆ ಮಾತಾಡಲು? ಮಗಳ ಯಂತ್ರದ ವಿಷಯ ಹೇಳಿದೆ, ಅಜ್ಜನ ಎರಡನೇ ಏಟಿನ ವಿಷಯ ಹೇಳಿದೆ. ನೆಲ ನೋಡಿಕೊಂಡೇ ಹೇಳಿ ಇಳಿದುಬಂದೆ. ಕಾರ್ಯದರ್ಶಿ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರು. ನಾಚಿಕೆಯಿಂದ ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎರಡು ವರ್ಷವಾದ ಮೇಲೆ ಪೇಟೆಂಟ್ ಕಚೇರಿಯಿಂದ ಪರಿಶೀಲನಾ ವರದಿ ಬಂತು. ಅದರಲ್ಲಿ ಎರಡು ಆಕ್ಷೇಪಣೆ. ಇದು ಬರೀ ಕಂಪ್ಯೂಟರ್ ಪ್ರೋಗ್ರಾಂ, ಇದಕ್ಕೆ ಪೇಟೆಂಟ್ ಕೊಡಲಾಗದು ಎನ್ನುವುದು ಒಂದು. ತನ್ನ ಉತ್ತರವನ್ನು ತಾನೇ ಟೀಕಿಸುವ ಎಐ ಮೊದಲೇ ಇದೆ, ತಟ್ಟಿ ನೋಡುವ ಯಂತ್ರವೂ ಮೊದಲೇ ಇದೆ, ಎರಡನ್ನೂ ಸೇರಿಸುವುದು ಕೆಲಸ ಬಲ್ಲವನಿಗೆ ತಾನಾಗಿ ಹೊಳೆಯುತ್ತದೆ ಎನ್ನುವುದು ಇನ್ನೊಂದು. ನಿಮ್ಮ ಅಮ್ಮ ಅದನ್ನು ಓದಿ 'ಕೆಲಸ ಬಲ್ಲವನು' ಎಂದಾಗ ನನಗೆ ನಿಮ್ಮ ಅಜ್ಜನ ಮುಖವೇ ನೆನಪಿಗೆ ಬಂತು. ನಗು ಬರಬೇಕಿತ್ತು, ಬರಲಿಲ್ಲ.

ನಿಮ್ಮ ಅಮ್ಮ ಮೂರು ವಾರ ಕೂತು ಉತ್ತರ ಬರೆದಳು. ಬರೆದದ್ದನ್ನೆಲ್ಲ ಕನ್ನಡದಲ್ಲಿ ನನಗೆ ಓದಿ ಹೇಳುವುದು ಅವಳ ರೂಢಿ. "ನಿಂಗೆ ಅರ್ಥ ಆದ್ರೆ ಯಾರಿಗಾದ್ರೂ ಆಗತ್ತೆ," ಎನ್ನುತ್ತಾಳೆ. ಅದು ಹೊಗಳಿಕೆಯೋ ಅಲ್ಲವೋ ನಾನು ಕೇಳಿಲ್ಲ. ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಅವಳು ಬಾಗಿಲಲ್ಲಿ ನಿಂತು ಓದಿದಳು: "ಎರಡನೇ ಏಟು ಎಲ್ಲಿ ಬೀಳಬೇಕು ಅನ್ನೋದನ್ನ ಇದಕ್ಕೆ ಮುಂಚೆ ಯಾರೂ, ಎಲ್ಲೂ ಬಹಿರಂಗವಾಗಿ ಹೇಳಿಲ್ಲ. ಅಮ್ಮ, ಇದೇ ನಮ್ಮ ಅರ್ಜಿಗೆ ಜೀವ. ಅರ್ಜಿ ಹಾಕೋ ಮೊದ್ಲೇ ಯಾರಾದ್ರೂ ಹೇಳಿದ್ರೆ ಹೊಸದು ಅನ್ನೋ ಮಾತೇ ಬಿದ್ದುಹೋಗತ್ತೆ."

"ಯಾರಾದ್ರೂ ಅಂದ್ರೆ?"

"ಯಾರಾದ್ರೂ. ಪೇಪರಲ್ಲಿ, ಭಾಷಣದಲ್ಲಿ, ಯೂಟ್ಯೂಬಲ್ಲಿ. ಅಮ್ಮ, ಎಣ್ಣೆ ನೋಡು, ಹೊಗೆ ಬಂತು."

ಆ ದಿನದಿಂದ ನನಗೆ ಮೊಬೈಲು 'ಟಿಂಗ್' ಅಂದರೂ ಯಾರೋ ಆ ವಿಡಿಯೋ ನೋಡಿಬಿಟ್ಟರೇನೋ ಅನ್ನಿಸುತ್ತಿತ್ತು. ಕನ್ನಡದ ಮಾತು, ಎಲ್ಲೋ ಒಂದು ಮಂಡಳಿಯ ವಿಡಿಯೋ, ಯಾರು ನೋಡುತ್ತಾರೆ ಎಂದು ಬೆಳಿಗ್ಗೆ ಧೈರ್ಯ ತಂದುಕೊಳ್ಳುತ್ತಿದ್ದೆ. ಸಂಜೆಗೆ ಅದು ಇರುತ್ತಿರಲಿಲ್ಲ. ಉತ್ತರ ಕಳಿಸಲು ಇನ್ನು ಹತ್ತು ದಿನ ಉಳಿದಿರುವಾಗ ಕಾರ್ಯದರ್ಶಿಯ ಮನೆಗೆ ಹೋದೆ.

"ಏನಕ್ಕ, ಅಪರೂಪಕ್ಕೆ?"

"ಆ ವಿಡಿಯೋ ತೆಗೆದುಬಿಡ್ತೀರಾ?"

"ಯಾಕ್ರೀ? ನಿಮ್ಮದಕ್ಕೇ ಜಾಸ್ತಿ ಲೈಕು ಬಂದಿರೋದು. ನನ್ನ ಭಾಷಣಕ್ಕೆ ನಮ್ಮ ಯಜಮಾನ್ರು ಒಬ್ಬರೇ ಒತ್ತಿದ್ದು, ಅದೂ ನಾನು ಪಕ್ಕದಲ್ಲಿ ಕೂತು ಒತ್ತಿಸಿದ್ದು."

"ಬೇಡ, ನನಗೆ ನಾಚಿಕೆ ಆಗತ್ತೆ."

"ಎರಡು ವರ್ಷ ಆದ್ಮೇಲೆ ನಾಚಿಕೆ ಬಂತಾ? ಆಯ್ತು, ತೆಗೀತೀನಿ." ಕನ್ನಡಕ ಏರಿಸಿಕೊಂಡು ಮೊಬೈಲು ತೆರೆದರು. "ಒತ್ತಲಾ?"

ಇನ್ನು ಮಗಳಿಗೆ ಹೇಳಬೇಕಾಗಿಲ್ಲ ಎಂದು ನನ್ನ ಮನಸ್ಸು ಆಗಲೇ ಹಗುರವಾಗಿತ್ತು. ಆ ಹಗುರವೇ ನನ್ನನ್ನು ಹೆದರಿಸಿತು. ಅವರ ಹೆಬ್ಬೆರಳನ್ನೇ ನೋಡುತ್ತ "ಬೇಡ, ಇರಲಿ ಬಿಡಿ," ಎಂದೆ.

"ತೆಗೀರಿ ಅಂತೀರ, ಇರಲಿ ಅಂತೀರ. ನನ್ನ ಸೊಸೆ ಸೀರೆ ಆರಿಸಿದ ಹಂಗಾಯ್ತು," ಎಂದು ಅವರು ಒಳಗೆ ಕಾಫಿಗೆ ಇಡಲು ಹೋದರು. ನಾನು ಕಾಫಿಗೆ ಕಾಯದೆ ಬಂದುಬಿಟ್ಟೆ. ಇವತ್ತಿಗೂ ಆ ಕಾಫಿಯ ಮಾತು ಎತ್ತಿ ಆಡಿಕೊಳ್ಳುತ್ತಾರೆ.

ಆ ಭಾನುವಾರ ನಿಮ್ಮಪ್ಪ ನಿಮ್ಮನ್ನು ಗಾಜನೂರಿನ ಅಣೆಕಟ್ಟೆ ನೋಡಲು ಕರೆದುಕೊಂಡು ಹೋಗಿದ್ದರು. ಮಗಳು ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ವಿಡಿಯೋ ಹಾಕಿ ನನ್ನ ಮೊಬೈಲನ್ನು ಅವಳ ಮುಂದೆ ಇಟ್ಟೆ.

"ಇದ್ಯಾರು? ಅಮ್ಮ, ನೀನಾ? ಸ್ಟೇಜ್ ಮೇಲೆ?" ಅವಳಿಗೆ ನಗು ತಡೆಯಲಾಗಲಿಲ್ಲ. "ಮೈಕು ಎಷ್ಟು ದೂರ ಹಿಡ್ಕೊಂಡಿದೀಯ, ಹಾವು ಹಿಡಿದ ಹಂಗೆ." ಎರಡನೇ ಏಟಿನ ಮಾತು ಬಂದಾಗ ನಗು ನಿಂತಿತು. ಅಲ್ಲಿಗೇ ವಿಡಿಯೋ ನಿಲ್ಲಿಸಿ, ಹಾಕಿದ ತಾರೀಖನ್ನು ನೋಡಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೆಂಗಳೂರಿನ ಪೇಟೆಂಟ್ ಏಜೆಂಟರಿಗೆ ಫೋನು ಮಾಡಿ, ಎಲ್ಲ ಹೇಳಿ, ಸ್ಪೀಕರ್ ಹಾಕಿದಳು.

"ಕಚೇರಿಯವರಿಗೆ ಇದು ಸಿಗದೇ ಇರಬಹುದು ಮೇಡಂ," ಎಂದರು ಅವರು. "ಆದ್ರೆ ಪೇಟೆಂಟ್ ಬಂದ ಮೇಲೆ ಯಾರಾದ್ರೂ ಇದನ್ನ ಹಿಡ್ಕೊಂಡು ಬಂದ್ರೆ ಇಡೀ ಪೇಟೆಂಟೇ ರದ್ದಾಗಬಹುದು. ಕಾನೂನಲ್ಲಿ ಒಂದು ದಾರಿ ಇದೆ. ಕಂಡುಹಿಡಿದವರಿಂದ ತಿಳ್ಕೊಂಡು, ಅವರ ಒಪ್ಪಿಗೆ ಇಲ್ಲದೆ ಯಾರಾದ್ರೂ ಹೊರಗೆ ಹೇಳಿದ್ರೆ, ಅದು ಅರ್ಜಿಗೆ ಅಡ್ಡ ಬರದ ಹಾಗೆ ವಾದ ಮಾಡಬಹುದು. ಅಮ್ಮ, ನಮಸ್ಕಾರ. ನೀವೊಂದು ಅಫಿಡವಿಟ್ ಕೊಡಬೇಕಾಗತ್ತೆ. ಈ ಎರಡನೇ ಏಟಿನ ವಿಷಯ ನಿಮಗೆ ಮಗಳಿಂದ ಗೊತ್ತಾಗಿದ್ದು, ಅಲ್ವಾ?"

ನಾನು ಮಗಳ ಮುಖ ನೋಡಿದೆ. ಅವಳು ಟೇಬಲ್ಲಿನ ಅಂಚು ನೋಡುತ್ತಿದ್ದಳು. ಹೌದು ಅನ್ನಬೇಕಿತ್ತು, ಒಂದೇ ಮಾತು. ಯಂತ್ರದ ವಿಷಯ ನನಗೆ ಅವಳೇ ಹೇಳಿದ್ದು, ಆದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಎರಡನೇ ಏಟಿನ ಮಾತನ್ನು ನಾನು ಮೊದಲು ಕೇಳಿದಾಗ ಅವಳು ನನ್ನ ಸೊಂಟದ ಮೇಲಿದ್ದಳು.

"ಅಲ್ಲ," ಎಂದೆ. "ನಮ್ಮ ಮನೆಯವರು ಹೇಳಿದ್ದು."

ಫೋನಿನ ಆ ಕಡೆ ಒಂದು ಬೈಕಿನ ಹಾರನ್ ಕೇಳಿಸಿತು.

"ನಿಮ್ಮ ಮಗಳಿಗೂ ಅವರೇ ಹೇಳಿದ್ದಾ?"

"ಅವಳಿಗೂ ಅವರೇ."

"ಹಾಗಿದ್ರೆ ಆ ದಾರಿ ಇಲ್ಲ ಮೇಡಂ," ಎಂದರು ಅವರು ಮಗಳಿಗೆ.

ಫೋನಿಟ್ಟ ಮೇಲೆ ಅವಳು ಕೇಳಿದಳು, "ಹೌದು ಅಂದಿದ್ರೆ ಒಂದು ದಾರಿ ಇರ್ತಿತ್ತು. ಗೊತ್ತಿತ್ತಾ ನಿಂಗೆ?"

"ಗೊತ್ತಾಯ್ತು."

"ಮತ್ತೆ?"

"ಹೆಬ್ಬೆಟ್ಟು ಒತ್ತೋಳಾಗಿದ್ರೆ ಒತ್ತಿಬಿಡ್ತಿದ್ದೆನೋ ಏನೋ. ಓದಕ್ಕೆ ಬರತ್ತಲ್ಲ."

ಅವಳು ನಗಲಿಲ್ಲ. ನಾಲ್ಕು ದಿನ ಸಾರು ಬಡಿಸು, ಬಾಗಿಲು ಹಾಕು, ಇಷ್ಟೇ ಮಾತು. ನೀವು ಊಟದ ವಿಷಯ ಕೇಳಿದ್ದು ಆಗಲೇ. ಸತ್ತವರ ಮಾತನ್ನು ಸಭೆಯಲ್ಲಿ ಆಡಿದ್ದೂ ತಪ್ಪಾಯಿತು, ಆ ಮಾತು ಅವರದೆಂದು ಹೇಳಿದ್ದೂ ತಪ್ಪಾಯಿತು, ಇನ್ನು ಮೇಲೆ ಬಾಯಿಯನ್ನೇ ತೆರೆಯಬಾರದು ಎಂದುಕೊಂಡು ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ.

ಐದನೇ ದಿನ ಅವಳು ಮೊರದ ಪಕ್ಕದಲ್ಲಿ ಬಂದು ಕೂತಳು. ಆವತ್ತು ನಿಲ್ಲಿಸಿದ್ದ ವಿಡಿಯೋವನ್ನು ಮುಂದಕ್ಕೆ ಹಾಕಿದಳು. ನನ್ನ ದನಿ ಹೇಳುತ್ತಿತ್ತು: "ಆ ಜಾಗ ಹೆಂಗೆ ಗೊತ್ತಾಗತ್ತೆ ಅಂದ್ರೆ, ಅವರಿಗೂ ಹೇಳಕ್ಕೆ ಬರ್ತಿರಲಿಲ್ಲ. ಕೈಗೆ ಗೊತ್ತಾಗತ್ತೆ ಅಂತಿದ್ರು."

"ಕೇಳಿಸ್ತಾ?" ಎಂದಳು.

"ಏನು?"

"ಎಲ್ಲಿ ಹೊಡೀಬೇಕು ಅಂತ ಅಪ್ಪ ಹೇಳಿದ್ರು, ನೀನೂ ಹೇಳಿಬಿಟ್ಟೆ. ಅದು ನಂದಲ್ಲ, ಬಿಟ್ಟುಕೊಡ್ತೀನಿ. ಆ ಜಾಗನ ಹೆಂಗೆ ಹುಡುಕೋದು ಅಂತ ಅಪ್ಪನೂ ಹೇಳಿಲ್ಲ, ನೀನೂ ಹೇಳಿಲ್ಲ. ಅದನ್ನ ಮಷಿನ್ ಮಾಡತ್ತೆ. ಅದು ನಂದು."

ಬರೆದಿದ್ದ ಉತ್ತರವನ್ನು ಅವಳು ಮತ್ತೆ ಮೊದಲಿನಿಂದ ಬರೆದಳು. ತಾನು ಕೇಳಿದ್ದ ಹಕ್ಕುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹೊಡೆದುಹಾಕಿ, ಸಣ್ಣದೊಂದನ್ನು ಉಳಿಸಿಕೊಂಡಳು. ನನ್ನ ಭಾಷಣವನ್ನು ಇಂಗ್ಲಿಷಿಗೆ ಮಾಡಿಸಿ, ತಾನಾಗಿಯೇ ಜೊತೆಗಿಟ್ಟು ಕಳಿಸಿದಳು. ನೆಲ ನೋಡಿಕೊಂಡು ಆಡಿದ ಮಾತು ಟೈಪಾಗಿ ಸರ್ಕಾರದ ಕಡತಕ್ಕೆ ಹೋಯಿತು.

ಕೆಲವು ತಿಂಗಳ ನಂತರ ಕಂಪ್ಯೂಟರಿನಲ್ಲೇ ಪೇಟೆಂಟ್ ಕಚೇರಿಯ ಹಿಯರಿಂಗ್ ನಡೆಯಿತು. ಏಜೆಂಟರು ಬೆಂಗಳೂರಿನಿಂದ ಮಾತಾಡಿದರು, ಇವಳು ನಮ್ಮ ನಡುಮನೆಯಿಂದ. ನನ್ನನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಸೋಫಾದಲ್ಲಿ ಕೂರಿಸಿದ್ದಳು. ನನಗೆ ತಿಳಿದದ್ದು ಫಾದರ್, ಮದರ್, ಹ್ಯಾಮರ್, ಇಷ್ಟೇ. ಯಂತ್ರ ತನ್ನ ಉತ್ತರವನ್ನು ತಿದ್ದಿಕೊಂಡಾಗ ಒಡಕು ಕಬ್ಬಿಣ ನಿಜವಾಗಿಯೂ ಗಟ್ಟಿಯದರಿಂದ ಬೇರೆಯಾಗುತ್ತದೆ, ಆದ್ದರಿಂದ ಇದು ಬರೀ ಪ್ರೋಗ್ರಾಂ ಅಲ್ಲ ಎಂದು ಏಜೆಂಟರು ವಾದಿಸಿದರಂತೆ. ಒಂದು ಕಡೆ ಅಧಿಕಾರಿ ಏನೋ ಕೇಳಿದರು. ಇವಳು ನಿಧಾನವಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಎರಡನೇ ಏಟಿನಲ್ಲಿಯೂ ಯಂತ್ರ ತಪ್ಪಿದರೆ ಎಂದು ಅವರು ಕೇಳಿದ್ದಂತೆ.

"ನೀನೇನಂದೆ?" ಎಂದು ಆಮೇಲೆ ಕೇಳಿದೆ.

"ತಪ್ಪಬಹುದು ಅಂದೆ. ಎರಡು ಏಟಿಗೂ ಹೊಂದಿಕೆ ಆಗದಿದ್ರೆ, ನಂಗೊತ್ತಿಲ್ಲ ಅಂತ ಹೇಳಿ ಮನುಷ್ಯರನ್ನ ಕರೆಯತ್ತೆ ಅಂದೆ."

ಮಕ್ಕಳೇ, ಇದನ್ನು ಬರೆಯುವ ಹೊತ್ತಿಗೂ ಆದೇಶ ಬಂದಿಲ್ಲ. ಮಗಳು ಧೈರ್ಯವಾಗಿದ್ದಾಳೆ, ಅಥವಾ ನನ್ನ ಮುಂದೆ ಹಾಗೆ ಇರುತ್ತಾಳೆ. ಅವಳ ಮೊಬೈಲು ಸದ್ದು ಮಾಡಿದಾಗಲೆಲ್ಲ ನಾನು ಕೈಯಲ್ಲಿದ್ದುದನ್ನು ಕೆಳಗಿಡುತ್ತೇನೆ. ಪೇಟೆಂಟ್ ಬಂದರೂ ಆ ಕಾಗದದಲ್ಲಿ ಕಂಡುಹಿಡಿದವರು ಎಂದು ಅವಳೊಬ್ಬಳ ಹೆಸರು ಇರುತ್ತದೆ, ಅದು ಸರಿಯೇ. ಕಡತದೊಳಗಿನ ನನ್ನ ಭಾಷಣದಲ್ಲಿಯೂ ನಿಮ್ಮ ಅಜ್ಜ 'ನಮ್ಮ ಮನೆಯವರು' ಮಾತ್ರ. ಅವರ ಹೆಸರನ್ನು ನಿಮ್ಮ ಅಮ್ಮನನ್ನು ಕೇಳಿ, ಈ ಹಾಳೆಗಳ ಮೇಲ್ತುದಿಯಲ್ಲಿ ನೀವೇ ಬರೆಯಿರಿ.

ಅರ್ಜಿ ಹಾಕಿಯಾದ ಮೇಲೆ ಯಾರು ಏನು ಹೇಳಿದರೂ ತೊಂದರೆಯಿಲ್ಲವೆಂದು ಮಗಳು ಹೇಳುತ್ತಾಳೆ. ಇರಬಹುದು. ಆದರೂ ಆದೇಶ ಬರುವವರೆಗೆ ಇದನ್ನು ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ, ಕಾರ್ಯದರ್ಶಿ ಅಜ್ಜಿಗಂತೂ ತೋರಿಸಲೇಬೇಡಿ. ಕೊನೆಯ ಹಾಳೆಯಲ್ಲಿ ಅರ್ಧ ಜಾಗ ಖಾಲಿ ಬಿಟ್ಟಿದ್ದೇನೆ. ಆದೇಶ ಯಾವ ರೀತಿ ಬಂದರೂ, ನಾನು ಇರಲಿ ಇಲ್ಲದಿರಲಿ, ಅದನ್ನು ಅಲ್ಲಿ ಬರೆದಿಡಿ. ಅಲ್ಲಿಯವರೆಗೆ ಈ ಹಾಳೆಗಳು ನನ್ನ ಟ್ರಂಕಿನಲ್ಲಿ, ಅಜ್ಜನ ಸುತ್ತಿಗೆಯ ಕೆಳಗೆ, ನೆನೆಯದ ಹಾಗೆ ಇರಲಿ.