ಡ್ರಿಲ್ ರಾಡಿನ ಹ್ಯಾಂಡಲ್

ನನ್ನ ಯಜಮಾನರು ಕೋರಮಂಡಲ್‌ನ ಚಿನ್ನದ ಗಣಿಯ ಡ್ರಿಲ್ ಶಾಪಿನಲ್ಲಿ ಕೆಲಸಕ್ಕಿದ್ದರು. ಕೆಳಗೆ ಬಂಡೆ ಕೊರೆದು ಮೊಂಡಾಗಿ ಮೇಲೆ ಬಂದ ರಾಡು, ಉಳಿಗಳ ತುದಿಯನ್ನು ಕೆಂಪಗೆ ಕಾಯಿಸಿ, ಬಡಿದು ಚೂಪು ಮಾಡಿ, ಚೊಂಯ್ ಎಂದು ನೀರಿಗೆ ಅದ್ದುವ ಕೆಲಸ. ಹಾಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ. ಆ ಶಾಪಿನವರಿಗೆ ಅದು ಕೈಗೇ ಬಂದುಬಿಟ್ಟಿದ್ದ ಅಭ್ಯಾಸ. ಊಟಕ್ಕೆ ಮುಂಚೆ ಕೈ ತೊಳೆಯುವಷ್ಟೇ ಸಹಜ.

ಎಂಬತ್ತರ ದಶಕ ಮುಗಿಯುತ್ತಾ ಬಂದ ಹೊತ್ತಿಗೆ ನಮ್ಮ ಕಡೆಯ ಹುಡುಗರ ಕೈಗೆ ಹಗುರವಾದ ಹೊಸ ಬೈಕುಗಳು ಬಂದವು. ಬಂದ ವಾರಕ್ಕೇ ಅದರ ಹ್ಯಾಂಡಲ್ ಬಿಚ್ಚಿ ಎಸೆಯುವುದು, ಸೈಲೆನ್ಸರ್ ಬದಲಾಯಿಸುವುದು, ಕಾಲಿಡುವ ಕಂಬಿಯನ್ನು ಹಿಂದಕ್ಕೆ ಸರಿಸುವುದು. ಎಲ್ಲರಿಗೂ ರೇಸ್ ಗಾಡಿಯ ಹಾಗೆ ಕಾಣಬೇಕು. ಬೆಂಗಳೂರಿನಲ್ಲಿ ಸಿಗುವ ಸಾಮಾನು ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಗಣಿ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ಲೈನು ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಬರುತ್ತಿದ್ದರು. ಯಜಮಾನರು ಗುಜರಿಯಿಂದ ಹಳೆಯ ಡ್ರಿಲ್ ರಾಡು ತಂದು, ಪಕ್ಕದ ಬೀದಿಯ ಲೇತಿನಲ್ಲಿ ದುಂಡಗೆ ಮಾಡಿಸಿ, ತಗ್ಗಿನ ರೇಸ್ ಹ್ಯಾಂಡಲ್ ಮಾಡಿಕೊಡುತ್ತಿದ್ದರು. ಅದು ಎರಡು ತುಂಡು, ಎಡಕ್ಕೊಂದು, ಬಲಕ್ಕೊಂದು. ಮುಂದಿನ ಚಕ್ರ ಹಿಡಿದ ಫೋರ್ಕಿಗೆ ಬಳೆಯಂತೆ ಕಚ್ಚಿಕೊಳ್ಳುವ ಒಂದು ಕಬ್ಬಿಣದ ಉಂಗುರ, ಅದಕ್ಕೆ ಬೆಸುಗೆ ಹಾಕಿದ ರಾಡು. ನನ್ನ ಒಂದು ಇಡ್ಲಿ ತಟ್ಟೆ ಆ ಶೆಡ್ಡಿಗೇ ಹೋಗಿತ್ತು. ಅದರ ಒಂದೊಂದು ಕುಳಿಯಲ್ಲಿ ಒಂದೊಂದು ಅಳತೆಯ ನಟ್ಟು, ವಾಷರು.

ಗಣಿಯ ಉಕ್ಕು ಎಂದರೆ ಹುಡುಗರಿಗೆ ಹುಚ್ಚು. “ಮೈಲಿ ಆಳದ ಬಂಡೆ ಕೊರೆದ ರಾಡು ಕಣ್ಲಾ ಇದು!” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನ್ನ ತಮ್ಮನೂ ಒಂದು ಜೊತೆ ಹಾಕಿಸಿಕೊಂಡ. ಅವನು ಬೂದಿಕೋಟೆ ಪಕ್ಕದ ನಮ್ಮ ತವರೂರಿನಿಂದ ದಿನಾ ಬೆಳಿಗ್ಗೆ, ಸಾಯಂಕಾಲ ಬೈಕಿನಲ್ಲಿ ಹಾಲಿನ ಕ್ಯಾನು ತರುತ್ತಿದ್ದ. ಬಂಗಾರಪೇಟೆಯ ಒಂದು ಹೋಟೆಲಿಗೆ ಅರ್ಧ, ನಮ್ಮ ಲೈನಿಗೆ ಅರ್ಧ. ಎರಡು ಕ್ಯಾನು ನೇತುಹಾಕಿಕೊಂಡು, ಹೊಟ್ಟೆ ಟ್ಯಾಂಕಿಗೆ ತಾಗುವಷ್ಟು ಬಗ್ಗಿ ಬರುವ ಅವನನ್ನು ನೋಡಿ ಲೈನಿನ ಹೆಂಗಸರು ನಗುತ್ತಿದ್ದರು. “ಏನ್ಲಾ, ಆಲು ತತ್ತೀಯೋ ಬಾವಿಗ್ ದುಮುಕಾಕೆ ಓಗ್ತೀಯೋ?” ಎಂದು ನಾನೂ ರೇಗಿಸುತ್ತಿದ್ದೆ. ಅವನು ಹಲ್ಲು ಬಿಡುತ್ತಿದ್ದ.

ಒಂದು ಭಾನುವಾರ ಅವನು ಹಾಲು ಕೊಟ್ಟು ಹೋದ ಮೇಲೆ ಮೇಲಿನ ಲೈನಿನ ಯುವಕನೊಬ್ಬ ಬಂದ. ಕೈಯಲ್ಲಿ ನಮ್ಮ ಯಜಮಾನರೇ ಮಾಡಿದ ಹ್ಯಾಂಡಲಿನ ಬಲಗಡೆಯ ತುಂಡು. ಉಂಗುರದಿಂದ ಕಿತ್ತು ಬಂದಿತ್ತು.

“ಅಣ್ಣೇ, ಗಾಡಿ ಸ್ಟ್ಯಾಂಡ್ ಹಾಕೋವಾಗ ಟಕ್ ಅಂತು. ಕೈಗೇ ಬಂದ್ಬಿಡ್ತು. ಇನ್ನೊಂದು ಮಾಡ್ಕೊಡಿ,” ಎಂದ, ನಗುತ್ತಲೇ.

ಯಜಮಾನರು ಅದನ್ನು ಬಿಸಿಲಿಗೆ ಹಿಡಿದರು. ಮುರಿದ ಕಡೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳು. ಬೆಸುಗೆಯ ಅಂಚಿನಲ್ಲಿ ಒಂದು ಕಡೆ ಮಾತ್ರ ಕಪ್ಪು. ಅಲ್ಲಿ ಮೊದಲೇ ಬಿರುಕು ಬಿಟ್ಟಿತ್ತು ಎಂದು ಅರ್ಥ. ಹೆಬ್ಬೆರಳಿನಿಂದ ಆ ಅಂಚನ್ನು ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

“ಬೆಸುಗೆ ಆದ್ಮೇಲೆ ನೀರಿಗೆ ಅದ್ದಿದ್ನಲ್ಲೇ. ಗಟ್ಟಿ ಆಗ್ಲಿ ಅಂತ. ತುದಿ ಗಟ್ಟಿ ಆಗೋದು ಬೇರೆ, ಇದು ಬೇರೆ. ಗಾಜಿನಂಗೆ ಆಗೋಗೈತೆ.”

“ನನ್ ತಮ್ಮಂದು?”

“ಅದನ್ನೂ ಇದ್ರ ಜೊತೇಲೇ ಅದ್ದಿದ್ದು.”

ಭಾನುವಾರ ಹಾಲು ಇಳಿಸಿದ ಮೇಲೆ ತಮ್ಮ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಬಂಗಾರಪೇಟೆಯಿಂದ ಕಾಮಸಮುದ್ರದ ರಸ್ತೆಯಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟಿ ಗಾಡಿ ಓಡಿಸುತ್ತಿದ್ದ. ಅದು ನಮಗಿಬ್ಬರಿಗೂ ಗೊತ್ತಿತ್ತು. ಒಲೆಯ ಮೇಲಿನ ಸಾರು ಇಳಿಸಿ, ಬಾಗಿಲಿಗೆ ಚಿಲಕ ಹಾಕಿ ಬಸ್ಸು ಹತ್ತಿದೆವು. ಫೋನು ಮಾಡೋಣವೆಂದರೆ ಯಾರಿಗೆ? ರಸ್ತೆಗೆ ಮಾಡಲಾಗುತ್ತದೆಯೆ? ಆ ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತಿತು. ಕುರಿ ದಾಟಲಿಕ್ಕೂ ನಿಂತಿತು.

ಬಂಗಾರಪೇಟೆಯಲ್ಲಿ ಅವನು ಹಾಲು ಹಾಕುವ ಹೋಟೆಲಿನವರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಹೇಳಿದರು. “ಈಗ್ ತಾನೇ ಓದ ನೋಡಮ್ಮ. ಕ್ಯಾನು ಇಲ್ಲೇ ಬಿಟ್ಟವ್ನೆ. ತಕ್ಕಂಡೋಗಕೆ ಬಂದೇ ಬತ್ತಾನೆ, ಕುಂತ್ಕೊ.”

ಯಜಮಾನರು ಕಾಮಸಮುದ್ರದ ಬಸ್ಸು ಹತ್ತಿದರು. ನಾನು ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ಅವನ ಎರಡು ಖಾಲಿ ಕ್ಯಾನುಗಳ ಹತ್ತಿರ ಕುಳಿತೆ. ಸುಮ್ಮನಿರಲಾಗದೆ ಅವನ್ನು ತೊಳೆದೆ, ಬೋರಲು ಹಾಕಿದೆ. ಪಾತ್ರೆ ತೊಳೆಯುವ ಹೆಂಗಸು “ನಾನ್ ತೊಳೀತೀನಿ ಬಿಡಮ್ಮ” ಎಂದಳು. ಇನ್ನೊಮ್ಮೆ ತೊಳೆದೆ. ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಎದ್ದು ನೋಡಿದೆ. ತಿಂಡಿ ಮುಗಿದು ಊಟದ ಎಲೆ ಹಾಕುವ ಹೊತ್ತಾಯಿತು.

ಕೊನೆಗೆ ಬಂದ. ಕಾಮಸಮುದ್ರದ ಕಡೆಯಿಂದಲ್ಲ, ಯಾವುದೋ ಒಳದಾರಿಯಿಂದ. ಕೂದಲೆಲ್ಲ ಕೆಂಧೂಳು, ಮುಖದ ತುಂಬ ಗೆಲುವು.

“ಅಕ್ಕಾ! ನೀನೇನ್ ಇಲ್ಲಿ? ಎಲ್ಲಾರ್ನೂ ಇಂದಕ್ ಆಕ್ಬಿಟ್ಟೆ ಇವತ್ತು!”

ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಬಗ್ಗಿ ಬಲಗಡೆಯ ಹಿಡಿಯನ್ನು ಎರಡು ಸಲ ಜಗ್ಗಿದ.

“ನೋಡು, ಅಳ್ಳಾಡ್ತಾ ಐತಾ? ಅವ್ನು ಗಾಡಿ ಬೀಳಿಸಿರ್ತಾನೆ, ಭಾವನ ಮೇಲೆ ಆಕ್ತವ್ನೆ.”

“ನಿಮ್ ಭಾವಾನೇ ಯೋಳಿದ್ದು ಕಣ್ಲಾ. ಗಾಡಿ ಇಲ್ಲೇ ಬಿಡು, ಬಸ್ಸಲ್ಲಿ ಓಗಾನ.”

“ಬಸ್ಸಲ್ಲಾ? ಸಾಯಂಕಾಲದ ಆಲು ಯಾರ್ ತರ್ತಾರೆ, ನೀನಾ? ಅಳೇ ಹ್ಯಾಂಡಲ್ ಮನೇಲೈತೆ. ಓಗಿ ಬದಲಾಯಿಸ್ತೀನಿ, ಆಯ್ತಾ?”

ಗಾಡಿಯ ಕೀಲಿ ಕಿತ್ತುಕೊಳ್ಳೋಣವೆಂದರೆ ಅವನು ನನಗಿಂತ ಒಂದೂವರೆ ಅಡಿ ಎತ್ತರ. ಅತ್ತರೆ ನಗುತ್ತಾನೆ. ಬೈದರೆ ಇನ್ನೂ ಜೋರಾಗಿ ಓಡಿಸುತ್ತಾನೆ. ಯಜಮಾನರು ವಾಪಸ್ ಬಂದರೆ ತಿಳಿಸುವಂತೆ ಹೋಟೆಲಿನವರಿಗೆ ಹೇಳಿ, ಒಂದು ಕ್ಯಾನು ಗಾಡಿಗೆ ನೇತುಹಾಕಿಸಿ, ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡು ಅವನ ಹಿಂದೆ ಹತ್ತಿ ಕುಳಿತೆ. ನನ್ನ ಕೈಲಾಗುತ್ತಿದ್ದುದು ಅದೊಂದೇ. ಅಕ್ಕನನ್ನು ಕೂರಿಸಿಕೊಂಡು ಜೋರಾಗಿ ಓಡಿಸಲಾರ ಎಂದುಕೊಂಡೆ.

ನಿಜ, ನಿಧಾನವಾಗಿಯೇ ಓಡಿಸಿದ. ಆದರೆ ಬೂದಿಕೋಟೆ ರಸ್ತೆಗೆ ಅದು ಗೊತ್ತಾಗಬೇಕಲ್ಲ. ಒಂದೊಂದು ಗುಂಡಿಗೂ ಅವನ ಭುಜದ ಮೇಲಿಂದ ಇಣುಕಿ ಆ ಉಂಗುರ ನೋಡುತ್ತಿದ್ದೆ. “ಏನ್ ನೋಡ್ತೀಯಕ್ಕ, ಅತ್ತಾಗಿತ್ತಾಗ್ ವಾಲ್ಬೇಡ, ನೀನೇ ಬೀಳಿಸ್ತೀಯ,” ಎಂದು ಗದರಿದ. ಕಣ್ಣು ಮುಚ್ಚಿದೆ. ಮುಚ್ಚಿದರೆ ಇನ್ನೂ ಭಯ.

ಊರು ಸೇರಿದೆವು. ಅಮ್ಮ ನೀರು ಕೊಟ್ಟಳು.

ಸಾಯಂಕಾಲಕ್ಕೆ ಯಜಮಾನರೂ ಬಂದರು. ಅಷ್ಟರಲ್ಲಿ ಹಳೆಯ ಹ್ಯಾಂಡಲ್ ಹಾಕಿ ತಮ್ಮ ಹಾಲಿಗೆ ಹೊರಡುವುದರಲ್ಲಿದ್ದ. ಅವನನ್ನು ನಿಲ್ಲಿಸಿ, ಬಿಚ್ಚಿಟ್ಟ ಹ್ಯಾಂಡಲಿನ ಬೆಸುಗೆಗೆ ಸೀಮೆಎಣ್ಣೆ ಸವರಿ ಒರೆಸಿ, ಸುಣ್ಣದ ಪುಡಿ ಹಚ್ಚಿದರು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಪುಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯುತ್ತಾ ಕುಳಿತೆವು. ಬಲಗಡೆಯ ತುಂಡಿನಲ್ಲಿ ಕೂದಲೆಳೆಯಂಥ ಗೆರೆಯೊಂದು ಮೂಡಿತು. ತಮ್ಮ ನೋಡಿದ. ಕ್ಯಾನು ಎತ್ತಿಕೊಂಡು ಹೋದ.

ಯಜಮಾನರು ಹ್ಯಾಂಡಲ್ ಮಾಡಿಸಿಕೊಂಡವರನ್ನೆಲ್ಲ ಹುಡುಕಿ, ಬೇಡಿಕೊಂಡು ವಾಪಸ್ ತಂದರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಶೆಡ್ಡಿನ ಕೆಲಸ ನಿಂತಿತು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ತಮ್ಮ ಹಾಲು ತಂದಾಗ ಬೈಕನ್ನು ಬಾಗಿಲಿಗೆ ತರಲಿಲ್ಲ. ಲೈನಿನ ಕೊನೆಯಲ್ಲೇ ನಿಲ್ಲಿಸಿ ಕ್ಯಾನು ಹೊತ್ತು ಬಂದ. ನಾನು ಪಾತ್ರೆ ಹಿಡಿದುಕೊಂಡೇ ಅಲ್ಲಿಗೆ ಹೋದೆ. ಮುಂದೆ ಟವೆಲ್ ಹೊದಿಸಿದ್ದ. ಎತ್ತಿದರೆ ಮತ್ತೆ ಅಂಥದೇ ತಗ್ಗಿನ ಹ್ಯಾಂಡಲ್, ಹೊಸ ಬೆಸುಗೆ.

“ಇದು ಡ್ರಿಲ್ ರಾಡಲ್ಲ ಅಕ್ಕ, ಪೈಪು. ಬಂಗಾರಪೇಟೇಲಿ ಮಾಡಿಸ್ದೆ,” ಎಂದ, ಎತ್ತಲೋ ನೋಡುತ್ತಾ.

ಯಜಮಾನರು ಹಿಂದೆಯೇ ಬಂದಿದ್ದರು. ಮುಟ್ಟಲಿಲ್ಲ, ಬೈಯಲಿಲ್ಲ. “ಬೆಸುಗೆ ಆದ್ಮೇಲೆ ನೀರಿಗೆ ಅದ್ದಿದ್ನೇನಪ್ಪ ಆ ವೆಲ್ಡಿಂಗಿನವ್ನು?” ಎಂದಷ್ಟೇ ಕೇಳಿದರು.

“ನಂಗೇನ್ ಗೊತ್ತು ಭಾವ? ಟೀ ಕುಡಿಯಾಕೆ ಓಗಿದ್ದೆ,” ಎಂದು ಅವನು ಕಿಕ್ಕರ್ ಒದ್ದ.