ಕರು ಹಾಕುವ ಹಿಮನದಿ

ಕುಂದಾಪುರದ ಕಡೆಯವಳು ಎಂದು ಬಾಯಿಬಿಟ್ಟರೆ ಸಾಕು, ಲಂಡನ್ನಿನ ಬೆಂಗಳೂರು ಮಂದಿ ನನ್ನನ್ನು ಮೀನಿನ ಹತ್ತಿರದ ಸಂಬಂಧಿಯಂತೆ ನೋಡಲು ಶುರು ಮಾಡುತ್ತಾರೆ. ಈಜು, ದೋಣಿ, ಗಾಳಿ, ಅಲೆ ಎಲ್ಲವೂ ನನಗೆ ಹುಟ್ಟುವಾಗಲೇ ಬಂದಿರಬೇಕು ಎಂಬುದು ಅವರ ಖಾತ್ರಿ. ನಿಜ ಹೇಳಿಬಿಡುತ್ತೇನೆ. ನನಗೆ ಈಜು ಬರುವುದಿಲ್ಲ. ಸೊಂಟ ಮುಳುಗುವಷ್ಟು ನೀರು ಕಂಡರೆ ಜೀವ ಬಾಯಿಗೆ ಬರುತ್ತದೆ. ನಮ್ಮದು ದನ ಸಾಕಿದ ಮನೆ. ಹತ್ತಿರದಿಂದ ನನಗೆ ಪರಿಚಯವಿದ್ದ ದೋಣಿ ಒಂದೇ, ಹಟ್ಟಿಯಲ್ಲಿ ದನಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು ಹೊಯ್ಯುತ್ತಿದ್ದ ಕಲ್ಲಿನ ದೋಣಿ. ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಅದಕ್ಕೇ ಅದರ ಮೇಲೆ ನನಗೆ ಪೂರ್ತಿ ವಿಶ್ವಾಸ.

ಗಂಡನಿಗೂ ಈ ವಿಷಯ ಗೊತ್ತಿರಲಿಲ್ಲ. ಅವನು ಮೈಸೂರಿನವನು. ಹೆಣ್ಣು ನೋಡಲು ಬಂದ ದಿನ ಬೇರೇನೂ ಮಾತು ಸಿಗದೆ ಈಜು ಬರುತ್ತದೆಯೇ ಎಂದು ಕೇಳಿದ್ದ. ನಾನು ನಾಚಿಕೊಂಡು ‘ಸುಮಾರಾಗಿ’ ಎಂದಿದ್ದೆ. ಆ ಒಂದು ಪದವನ್ನು ಕಾಪಾಡಿಕೊಳ್ಳಲು ಹದಿನಾರು ವರ್ಷ ಒದ್ದಾಡಿದ್ದೇನೆ. ಈಜುಕೊಳವಿದ್ದ ಹೋಟೆಲುಗಳಲ್ಲಿ ನನಗೆ ಬಂದಷ್ಟು ನೆಗಡಿ ಯಾರಿಗೂ ಬಂದಿರಲಾರದು.

ಕಳೆದ ವರ್ಷ ಅಮ್ಮ ಲಂಡನ್ನಿನ ಅಂಚಿನ ಹೇಸ್‌ನ ನಮ್ಮ ಬಾಡಿಗೆ ಮನೆಗೆ ಬಂದಳು. ಅದಕ್ಕೆ ಮೊದಲು ಎಷ್ಟು ಕರೆದರೂ ದನ ಬಿಟ್ಟು ಹೇಗೆ ಬರುವುದು ಎನ್ನುತ್ತಿದ್ದವಳು, ಕೊನೆಯ ದನವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅದರ ಇಷ್ಟಾನಿಷ್ಟಗಳನ್ನೆಲ್ಲ ಬರೆಸಿಕೊಟ್ಟು ವಿಮಾನ ಹತ್ತಿದ್ದಳು. ಅದೇ ಹೊತ್ತಿಗೆ ಸ್ಟ್ಯಾನ್ಮೋರ್‌ನ ಯಜಮಾನರು ಅಲಾಸ್ಕಾ ಪ್ರವಾಸದ ಪ್ರಸ್ತಾಪ ಎತ್ತಿದರು. ಇವರು ಗಂಡನ ಹಳೆಯ ಬಾಸು, ಬೆಂಗಳೂರಿನವರು. ನಿವೃತ್ತಿಯಾದ ಮೇಲೆ ಮೀಟಿಂಗುಗಳಿಲ್ಲದೆ ಬಡವಾಗಿದ್ದರು. ಅವರ ಹೆಂಡತಿ, ಅವರು, ನಾವು ಮೂವರು ಹೋಗುವುದೆಂದಾಯಿತು. ವೀಸಾ ಬಂತು, ದೊಡ್ಡ ಹಡಗು ನಿಗದಿಯಾಯಿತು. ಹಡಗಿಗೆ ನಾನು ಹೆದರಲಿಲ್ಲ. ಒಳಗೆ ಲಿಫ್ಟ್ ಇದೆ ಎಂದರು, ಲಿಫ್ಟ್ ಇರುವುದನ್ನೆಲ್ಲ ನಾನು ಕಟ್ಟಡ ಎಂದೇ ತಿಳಿಯುತ್ತೇನೆ. ಕಿಟಕಿಯಾಚೆ ನೋಡದಿದ್ದರೆ ಆಯಿತು.

ಉಳಿದಿದ್ದು ಒಂದೇ ತೀರ್ಮಾನ. ಹಿಮನದಿ ಇರುವ ಊರಿನಲ್ಲಿ ಹಡಗು ಒಂದು ದಿನ ನಿಲ್ಲುತ್ತದೆ. ಆ ದಿನ ಏನು ಮಾಡುವುದು ಎಂದು ಮೊದಲೇ ಆರಿಸಿ ಹೇಳಬೇಕು. ಸಣ್ಣ ದೋಣಿಯಲ್ಲಿ ಹಿಮದ ಗೋಡೆಯ ಹತ್ತಿರಕ್ಕೆ ಹೋಗಬಹುದು. ಇಲ್ಲವೇ ದಡದಲ್ಲೇ ಉಳಿದು ನಾಯಿಬಂಡಿ ಹತ್ತಬಹುದು, ನದಿಯಲ್ಲಿ ಚಿನ್ನ ಜಾಲಿಸಬಹುದು, ಮೀನು ಮೊಟ್ಟೆಯಿಡುವುದನ್ನು ನೋಡಬಹುದು, ಒಬ್ಬ ದಾಂಡಿಗ ಮರ ಕಡಿಯುವುದನ್ನು ಬೆಂಚಿನ ಮೇಲೆ ಕೂತು ನೋಡಿ ಚಪ್ಪಾಳೆ ತಟ್ಟಬಹುದು, ಬಸ್ಸಿನಲ್ಲಿ ಗುಡ್ಡ ಹತ್ತಿ ದೂರದಿಂದ ಹಿಮನದಿಗೆ ಕೈಬೀಸಬಹುದು. ಇದಿಷ್ಟನ್ನು ಆರಿಸಲು ಸ್ಟ್ಯಾನ್ಮೋರ್‌ನಲ್ಲಿ ಐದು ಭಾನುವಾರ ಸಭೆ ನಡೆಯಿತು. ಯಜಮಾನರು ಟೀವಿಯ ಮೇಲೆ ದೊಡ್ಡ ಪಟ್ಟಿ ಹಾಕಿ, ಕೈಯಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದರು.

ಮೊದಲ ಭಾನುವಾರವೇ ಅವರು ನನ್ನ ಕಡೆ ತಿರುಗಿ, “ನೀವು ಸೀ ಸೈಡ್‌ನವ್ರು, ಬೋಟ್ ವಿಷ್ಯ ನೀವೇ ಹೇಳ್ಬೇಕು” ಎಂದರು. ಗೊತ್ತಿಲ್ಲ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಬಾಯಿಗೆ ಅದೇನು ಬಡಿದಿತ್ತೋ! ತಣ್ಣೀರಿನಲ್ಲಿ ಸಣ್ಣ ದೋಣಿ ನಿಲ್ಲುವುದಿಲ್ಲ, ಉಪ್ಪು ಕಡಿಮೆ ಇರುತ್ತದಲ್ಲ ಎಂದುಬಿಟ್ಟೆ. ಯಜಮಾನರು ತಲೆದೂಗಿ ಪಟ್ಟಿಯಲ್ಲಿ ‘ಕರಾವಳಿ ಅಭಿಪ್ರಾಯ’ ಎಂಬ ಹೊಸ ಕಲಂ ತೆರೆದರು. ಕಲಂ ಇದ್ದ ಮೇಲೆ ಖಾಲಿ ಬಿಡಲಾಗುತ್ತದೆಯೇ? ವಾರವಾರ ಏನಾದರೂ ತುಂಬಿಸಬೇಕಾಯಿತು. ಬಡಗಣ ಗಾಳಿ ಎಂದೆ. ಹಿಮದ ಬುಡದಲ್ಲಿ ಸುಳಿ ಇರುತ್ತದೆ ಎಂದೆ. ಕೊನೆಗೆ ಮರ ಕಡಿಯುವುದನ್ನು ನೋಡುವುದರಲ್ಲಿ ತುಂಬಾ ಕಲಿಯುವುದಿದೆ ಎಂದು ಕೂಡ ಹೇಳಿದೆ. ಗಂಡ ಹೆಮ್ಮೆಯಿಂದ ಕೇಳುತ್ತಿದ್ದ. ಅಮ್ಮ ಮಾತ್ರ ಮೂಲೆಯ ಸೋಫಾದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಎಡವಟ್ಟಾಗಿದ್ದು ಮೂರನೆಯ ಭಾನುವಾರ. ಸಣ್ಣ ದೋಣಿಯ ವಿವರ ಓದುತ್ತಿದ್ದ ಗಂಡ ‘ಕಾವಿಂಗ್’ ಎಂಬ ಪದ ಬಂದಾಗ ಅಮ್ಮನಿಗೆ ಅರ್ಥವಾಗಲೆಂದು ನಿಲ್ಲಿಸಿದ. “ಕಾವಿಂಗ್ ಅಂದ್ರೆ ಕರು ಹಾಕೋದು, ಅತ್ತೆ. ಹಿಮ ಒಡೆದು ನೀರಿಗೆ ಬೀಳತ್ತಲ್ಲ, ಅದಕ್ಕೆ ಇವ್ರು ಹಾಗಂತಾರೆ” ಎಂದ.

ಅಮ್ಮ ನೆಟ್ಟಗೆ ಕೂತಳು. ಎರಡು ತಿಂಗಳಿನಿಂದ ಈ ದೇಶದಲ್ಲಿ ಅವಳಿಗೆ ಅರ್ಥವಾದ ಮೊದಲ ವಿಷಯ ಅದು. “ಅದ್ ಕರು ಹಾಕುವತ್ತಿಗೆ ಹತ್ರ ಯಾರಿರ್ತ್ರ್?” ಎಂದು ಕೇಳಿದಳು.

ಯಾರೂ ಇರುವುದಿಲ್ಲ ಎಂದೆವು. ಅವಳಿಗೆ ಅದು ಸರಿಕಾಣಲಿಲ್ಲ. ಅಮ್ಮ ಪೆದ್ದಿಯಲ್ಲ, ಹಿಮಕ್ಕೆ ಕೆಚ್ಚಲಿಲ್ಲ ಎಂದು ಅವಳಿಗೂ ಗೊತ್ತು. ಆದರೆ ಕರು ಹಾಕುತ್ತದೆ ಎಂದು ಅಲ್ಲಿಯ ಜನವೇ ಒಪ್ಪಿಕೊಂಡ ಮೇಲೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು ಬೇಡವೇ ಎಂಬುದು ಅವಳ ವಾದ. ಅವಳ ಹಟ್ಟಿಯಲ್ಲಿ ಒಂದು ದನವೂ ಒಂಟಿಯಾಗಿ ಕರು ಹಾಕಿದ್ದಿಲ್ಲ. ಈಗಿನದು ಎಷ್ಟನೆಯ ಕರು, ದಿನ ತುಂಬಿದೆಯೇ ಎಂದೆಲ್ಲ ವಿಚಾರಿಸಿದಳು. ಯಜಮಾನರು ಸುಮ್ಮನಿರುವವರೇ? ಎಷ್ಟು ಗಂಟೆಗೆ ಬೀಳುತ್ತದೆ ಎಂದು ದೋಣಿಯವರಿಗೆ ಇಮೇಲ್ ಹಾಕಿದರು. ಖಚಿತವಾಗಿ ಹೇಳಲಾಗದು, ಕ್ಷಮಿಸಿ ಎಂದು ಉತ್ತರ ಬಂತು. ಅದನ್ನು ಓದಿ ಹೇಳಿದಾಗ ಅಮ್ಮ ಬಹಳ ಮೆಚ್ಚಿಕೊಂಡಳು. ಗಂಟೆ ಹೇಳುವವರಾಗಿದ್ದರೆ ನಂಬಬಾರದಿತ್ತು, ಇವರು ದನ ಕಂಡ ಜನ ಎಂದಳು.

ಮನೆಗೆ ಬಂದು ಬೆಲ್ಲ, ಏಲಕ್ಕಿ ಕಟ್ಟಿಟ್ಟಳು. ಕರು ಹಾಕಿದ ದನದ ಮೊದಲ ಹಾಲಿಗೆ ಬೆಲ್ಲ ಹಾಕಿ ಗಿಣ್ಣು ಮಾಡುವುದು ನಮ್ಮಲ್ಲಿ ರೂಢಿ. ಹಿಮದ ಗಿಣ್ಣೇನಮ್ಮಾ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಬಸ್ಸಿನಲ್ಲಿ ಹೋದರೆ ಎಷ್ಟು ದೂರದಿಂದ ಕಾಣುತ್ತದೆ ಎಂದು ಕೇಳಿದಳು. ಉಪ್ಪಿನ ಹರಳಿನಷ್ಟು ಕಾಣಬಹುದು ಎಂದೆ. ಆಗ ಕಟ್ಟುತ್ತಿದ್ದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, “ನಂಗೆ ಅದ್ನ ಹತ್ರ ಹೋಯಿ ಕಾಣ್ಕ್” ಎಂದಳು. ಮಂಡಿ ಹೇಳಿದ ಮಾತು ಕೇಳುತ್ತಿಲ್ಲ, ಇನ್ನೊಮ್ಮೆ ಇಷ್ಟು ದೂರ ಬರುವುದು ಆಗದ ಮಾತು ಎಂದೂ ಹೇಳಿದಳು. ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ನನ್ನ ಹತ್ತಿರ ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಎದ್ದುಹೋದೆ. ಎಂಥ ಹೇಡಿ ನಾನು.

ಐದನೆಯ ಭಾನುವಾರ ಮತಕ್ಕೆ ಹಾಕಿದರು. ಅಮ್ಮ ಮತ್ತು ಗಂಡ ಸಣ್ಣ ದೋಣಿಗೆ. ನಾನು ಮತ್ತು ಯಜಮಾನರ ಹೆಂಡತಿ ಬಸ್ಸಿಗೆ. ಯಜಮಾನರು ಅಧ್ಯಕ್ಷರಾದ್ದರಿಂದ ಮತ ಹಾಕಲು ಒಪ್ಪಲಿಲ್ಲ. ಸಮವಾಯಿತು. ಒಂದು ಟ್ರಯಲ್ ನೋಡಿಬಿಡೋಣ ಎಂದರು. ಸ್ಟ್ರಾಟ್‌ಫರ್ಡ್‌ನಲ್ಲಿ ಒಲಿಂಪಿಕ್ ಪಾರ್ಕಿನ ಕಾಲುವೆಯಲ್ಲಿ ಪೆಡಲು ತುಳಿಯುವ ಹಂಸದಾಕಾರದ ದೋಣಿಗಳಿವೆ. ಅದರಲ್ಲಿ ನಾನು ಅಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿ ಬರಬೇಕು. ಅಮ್ಮ ಹಾಯಾಗಿದ್ದರೆ ಸಣ್ಣ ದೋಣಿ, ಇಲ್ಲದಿದ್ದರೆ ಬಸ್ಸು. ಹೀಗೆ ಅಮ್ಮನ ಹಿಮನದಿ ನನ್ನ ಕಾಲಿನ ಮೇಲೆ ಬಂದು ಕೂತಿತು.

ಮುಂದಿನ ಶನಿವಾರ ಬೆಳಗ್ಗೆ ಕಾಲುವೆಯ ಕಟ್ಟೆಯ ಹತ್ತಿರ ನಿಂತಾಗ ನೆಗಡಿ, ಹೊಟ್ಟೆನೋವು, ಆಫೀಸಿನ ಫೋನು ಎಲ್ಲವನ್ನೂ ಯೋಚಿಸಿ ನೋಡಿದೆ. ಅಮ್ಮ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಸಿದ್ಧಳಾಗಿದ್ದಳು. ದೋಣಿ ಹತ್ತುವ ಮೊದಲು ಹಂಸದ ಕೊರಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಚಪ್ಪಲಿ ಬಿಡಿ ಎಂದಳು. ಸರಸ್ವತಿಯ ವಾಹನವನ್ನು ಬೂಟುಗಾಲಲ್ಲಿ ತುಳಿಯುವುದುಂಟೇ? ದೋಣಿಯವನು ಬೇಡವೆಂದು ಕೈಯಾಡಿಸಿದ. ಗಂಡ ಅದೇನೋ ಸಮಜಾಯಿಷಿ ಹೇಳಿ ಒಪ್ಪಿಸಿದ. ಐದು ಜನರ ಶೂ, ಕಾಲುಚೀಲ ಒಂದು ದೊಡ್ಡ ಚೀಲಕ್ಕೆ ಹೋದವು. ಯಜಮಾನರು ಬಿಳಿಚಿದ ಪಾದಗಳನ್ನು ಮೇಲೆತ್ತಿಕೊಂಡು ತಮ್ಮ ಹೆಂಡತಿಯೊಂದಿಗೆ ಇನ್ನೊಂದು ಹಂಸ ಹತ್ತಿದರು.

ಮುಂದೆ ನಾನು ಮತ್ತು ಗಂಡ, ಆಚೀಚೆ ಪೆಡಲಿಗೆ. ಹಿಂದೆ ಅಮ್ಮ. ಕಟ್ಟೆಯಿಂದ ನಾಲ್ಕು ಮಾರು ದೂರ ಹೋಗಿರಬಹುದು, ಹಂಸ ಒಮ್ಮೆ ಪಕ್ಕಕ್ಕೆ ವಾಲಿತು. ಅಷ್ಟೇ. ನನ್ನ ಕಾಲು ನಿಂತುಹೋಯಿತು. ಕೈ ಚುಕ್ಕಾಣಿಯ ಹಿಡಿಗೆ ಅಂಟಿಕೊಂಡು ಒಂದೇ ಕಡೆಗೆ ತಿರುಗಿಸಿ ಹಿಡಿಯಿತು. ಏನಾಗಿದೆಯೆಂದು ತಿಳಿಯದ ಗಂಡ ಇನ್ನೂ ಜೋರಾಗಿ ತುಳಿದ. ಹಂಸ ನಿಂತಲ್ಲೇ ಗಿರಗಿರನೆ ಸುತ್ತತೊಡಗಿತು. ಒಂದು, ಎರಡು, ಮೂರು. ದಡದಲ್ಲಿದ್ದವರು ಫೋನು ತೆಗೆದರು. ನಿಜವಾದ ಬಾತುಕೋಳಿಗಳು ದೂರ ಸರಿದು ನಿಂತು ನೋಡಿದವು. ಆಚೆ ಹಂಸದಿಂದ ಯಜಮಾನರು ಇದು ಕರಾವಳಿಯ ಪದ್ಧತಿಯೇ ಎಂದು ಕೂಗಿ ಕೇಳಿದರು. ಹಂಸದ ಸುತ್ತಿಗೆ ನನ್ನ ತಲೆ ತಾನೇ ಅಲ್ಲಾಡಿತು. ಹೌದೆಂದು ತಿಳಿದು ಅವರೂ ತಮ್ಮ ಹಂಸವನ್ನು ಸುತ್ತಿಸತೊಡಗಿದರು. ಲಂಡನ್ನಿನಲ್ಲಿ ಹಾಡಹಗಲೇ ಎರಡು ಹಂಸಗಳು, ಬರಿಗಾಲಿನ ಐದು ಜನ, ಎಲ್ಲರೂ ಒಂದೇ ದಿಕ್ಕಿಗೆ ತಿರುಗುತ್ತಿದ್ದೆವು.

ಆಗ ಅಮ್ಮ ಹಿಂದಿನಿಂದ ಬಗ್ಗಿ ನನ್ನ ಕಾಲು ನೋಡಿದಳು.

ನನ್ನ ಬಲಗಾಲಿನ ಹೆಬ್ಬೆರಳು ಗಟ್ಟಿಯಾಗಿ ಮಡಚಿಕೊಂಡಿತ್ತು. ಅದು ಯಾಕೆಂದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು. ನಮ್ಮ ಮನೆಯಿಂದ ರಸ್ತೆ ದಾಟಿದರೆ ಕಡಲು. ನಾನು ಚಿಕ್ಕವಳಿದ್ದಾಗ ಅಮ್ಮ ಒಂದು ವಿಷಯ ಹೇಳಿದ್ದಳು. ಕಡಲಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ನೀರಿಗಿಳಿದ ಹೆಣ್ಣುಮಕ್ಕಳ ಕಾಲ್ಬೆರಳು ಎಣಿಸುತ್ತಾಳೆ, ಸರಿಯಾಗಿ ಹತ್ತು ಇದ್ದರೆ ಒಳಗೆ ಎಳೆದುಕೊಳ್ಳುತ್ತಾಳೆ ಎಂದು. ಅಮಾವಾಸ್ಯೆಯ ಕಡಲಸ್ನಾನಕ್ಕೆ ಊರೆಲ್ಲ ಇಳಿದಾಗ ನಾನು ಒಂದು ಬೆರಳು ಮಡಚಿಕೊಂಡು ದಡದಲ್ಲಿ ಕುಂಟುತ್ತಿದ್ದೆ. ನನಗೀಗ ನಲವತ್ತನಾಲ್ಕು. ಆಫೀಸಿನಲ್ಲಿ ಹನ್ನೊಂದು ಜನ ನನ್ನ ಕೈಕೆಳಗೆ ಕೆಲಸ ಮಾಡುತ್ತಾರೆ. ಇವತ್ತಿಗೂ ಸ್ನಾನದ ತೊಟ್ಟಿಗೆ ಕಾಲಿಡುವಾಗ ಒಂಬತ್ತೇ ಬೆರಳು ಇಡುತ್ತೇನೆ.

ತುಳಿಯುವುದು ನಿಲ್ಲಿಸು ಎಂದು ಅಮ್ಮ ಅಳಿಯನಿಗೆ ಸನ್ನೆ ಮಾಡಿದಳು. ಹಂಸ ಮೆಲ್ಲಗೆ ನಿಂತಿತು. ಅವಳು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದಳು: “ನಿನ್ನ ಕಾಂಬುಕೆ ನಂಗೆ ಪುರ್ಸೊತ್ತಿರ್ಲಿಲ್ಲೆ, ಮಗಾ. ಅದ್ಕೇ ಆ ಅಜ್ಜಿನ ಕಾವಲಿಗೆ ಇಟ್ಟದ್.”

ಅಪ್ಪ ಮುಂಬೈಯ ಹೋಟೆಲಿನಲ್ಲಿ ಅಡುಗೆಯವನಾಗಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ. ನಾಲ್ಕು ದನ, ಹಾಲು ಕೊಡುವ ಮನೆಗಳು, ರಸ್ತೆಯಾಚೆ ಕಡಲು, ಓಡಾಡುವ ಒಂದು ಮಗು, ಇವಳು ಒಬ್ಬಳೇ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಮಾತ್ರ ನೋಡಿರಲಿಲ್ಲ. ನನಗೆ ಅಳು ಬಂತು. ಗಂಡ ನಮ್ಮಿಬ್ಬರನ್ನೂ ನೋಡಿ, “ಸುಮಾರಾಗಿ ಅಂದಿದ್ಯಲ್ಲೇ” ಎಂದ. ಅಳುತ್ತಲೇ ನಗು ಬಂದು ಮೂಗು ಸೋರಿತು.

ದಡಕ್ಕೆ ಬಂದ ಮೇಲೆ ಅಮ್ಮ ತಾನೇ ಯಜಮಾನರ ಹತ್ತಿರ ಹೋಗಿ, ಬಸ್ಸೇ ಸಾಕು, ಉಪ್ಪಿನ ಹರಳಿನಷ್ಟು ಕಂಡರೂ ಕಂಡ ಹಾಗೆಯೇ ಎಂದಳು. ಅವಳು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಕಂಡು ನನಗೆ ಸಿಟ್ಟೇ ನೆತ್ತಿಗೇರಿತು. ಜೀವಮಾನವಿಡೀ ಬಿಟ್ಟುಕೊಟ್ಟು ಅದೇ ಅಭ್ಯಾಸವಾಗಿಬಿಟ್ಟಿದೆ ಇವಳಿಗೆ. ಕರಾವಳಿ ಅಭಿಪ್ರಾಯದ ಕಲಂ ಪೂರ್ತಿ ಸುಳ್ಳು, ಅಳಿಸಿಹಾಕಿ, ಸಣ್ಣ ದೋಣಿಯನ್ನೇ ಬರೆದುಕೊಳ್ಳಿ, ನಾನೂ ಬರುತ್ತೇನೆ ಎಂದೆ. ಯಜಮಾನರು ತಬ್ಬಿಬ್ಬಾದರು. ಹಾಗಾದರೆ ಸುತ್ತುವುದು ಪದ್ಧತಿ ಅಲ್ಲವೇ ಎಂದು ಮಾತ್ರ ಕೇಳಿದರು.

ಹೊರಡಲು ಇನ್ನೂ ಏಳು ವಾರವಿತ್ತು. ಮನೆ ಹತ್ತಿರದ ಕೌನ್ಸಿಲ್ ಈಜುಕೊಳದಲ್ಲಿ ದೊಡ್ಡವರಿಗೆ ಕಲಿಸುವ ತರಗತಿಗೆ ಹೆಸರು ಕೊಟ್ಟೆ. ಮೊದಲ ದಿನ ಅಮ್ಮ ತಾನೂ ಬರುತ್ತೇನೆಂದು ಹೊರಟಳು. ಮನೆಯಲ್ಲಿ ಹುಳಿಗೆ ತರಕಾರಿ ಹೆಚ್ಚುವುದಿತ್ತು, ಒಗೆದ ಬಟ್ಟೆ ಮಡಚುವುದಿತ್ತು, ಎಲ್ಲ ಹಾಗೇ ಬಿಟ್ಟು ಬಂದಳು. ಕೊಳದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಕೆಲಸವಿಲ್ಲದೆ ಅವಳು ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಏಣಿಯ ಮೇಲೆ, ನೀರಿಗೆ ಒಂದು ಮೆಟ್ಟಿಲು ಬಾಕಿಯಿರುವಾಗ ನಿಂತುಬಿಟ್ಟೆ.

“ಇಳಿ, ಮಗಾ” ಎಂದಳು ಅಮ್ಮ. “ನಾ ಇಲ್ಲೇ ಕೂಕಂಡ್ ಕಾಣ್ತಾ ಇರ್ತೆ.”

ನಾನು ಹೆಬ್ಬೆರಳು ಬಿಡಿಸಿ, ಹತ್ತೂ ಬೆರಳನ್ನು ನೀರಿಗಿಟ್ಟೆ.